ಮೊದಲು ನಿದಾನ, ಆಮೇಲೆ ಗ್ಯಾಸು

ಪ್ರತಿವರ್ಷವೂ ನಮ್ಮ ಕಾಲೇಜಿನ ಈ ಸಂಚಿಕೆಯಲ್ಲಿ ಕಾವ್ಯವಿಚಾರ, ಇತಿಹಾಸ, ಪ್ರವಾಸ, ಹಾಸ್ಯ ಮೊದಲಾದ ವಿಷಯಗಳನ್ನು ಕುರಿತ ಲೇಖನಗಳು ಬರುವುದು ವಾಡಿಕೆ. ಅವುಗಳ ನಡುವೆ ಮೋಟಾರುಗಾಡಿಯ ತಂಪುಯಂತ್ರ ಕೆಟ್ಟ ಸಂಗತಿಯನ್ನು ಹಿಡಿದುಕೊಂಡು ಬಂದಿರುವ ನನ್ನನ್ನು ಕಂಡು ಮಿತ್ರರು ನಗಬಹುದು. ‘ಇದೇನು ಕಲಾ ಕಾಲೇಜೋ, ಗ್ಯಾರೇಜೋ?’ ಎಂದು ಗುರುಗಳು ಕೇಳಲೂಬಹುದು. ಆದರೂ ಬರೆಯುತ್ತಿದ್ದೇನೆ. ತರಗತಿಯಲ್ಲಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಒಂದು ವಿಚಾರ ನನಗೆ ನಿಜವಾಗಿ ಅರ್ಥವಾದದ್ದು, ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನದಲ್ಲಿ, ಬಾನೆಟ್ ತೆರೆದು ನಿಂತ ಒಂದು ಹಳೆಯ ಕಾರಿನ ಎದುರಿಗೆ.

ನಮ್ಮ ಭಾಷೆಯಲ್ಲಿ ಎರಡು ಶಬ್ದಗಳಿವೆ. ಕಿವಿಗೆ ಹೆಚ್ಚುಕಡಮೆ ಒಂದೇ, ಬರವಣಿಗೆಯಲ್ಲಿ ಒಂದಕ್ಷರದ ಭೇದ. ‘ನಿಧಾನ’ವೆಂದರೆ ಸಾವಕಾಶ, ಇದು ಎಲ್ಲರಿಗೂ ಗೊತ್ತು. ‘ನಿದಾನ’ವೆಂದರೆ ರೋಗದ ಮೂಲಕಾರಣವನ್ನು ಕಂಡುಹಿಡಿಯುವುದು, ಇದನ್ನು ಆಯುರ್ವೇದ ಪಂಡಿತರ ಬಾಯಲ್ಲಿ ಮಾತ್ರ ಕೇಳುತ್ತೇವೆ. ಮೊದಲನೆಯದರಲ್ಲಿ ನಾವು ಪ್ರವೀಣರು. ಎರಡನೆಯದರಲ್ಲಿ ನಮಗೆ ಎಳ್ಳಷ್ಟೂ ತಾಳ್ಮೆಯಿಲ್ಲ. ಬೇಸಿಗೆಯಲ್ಲಿ ಕಾರಿನ ಎ.ಸಿ. ಕೈಕೊಟ್ಟಿತೆಂದರೆ ಕಲಬುರಗಿಯಿಂದ ಬಳ್ಳಾರಿಯವರೆಗೆ ಎಲ್ಲೆಡೆಯೂ ಕೇಳಬರುವ ಮಂತ್ರ ಒಂದೇ: ‘ಗ್ಯಾಸ್ ತುಂಬಿಸಿ.’ ಈ ಮಂತ್ರವನ್ನು ನಾವು ಬಿಡಬೇಕು, ಕಾರಣವನ್ನು ಹುಡುಕದೆ ಚಿಕಿತ್ಸೆಗೆ ಕೈಹಾಕಬಾರದು ಎಂಬುದೇ ಈ ಲೇಖನದ ಹೂರಣ. ಮಾತು ಚಿಕ್ಕದು. ಆದರೆ ಅದನ್ನು ಕಲಿಯಲು ನಮ್ಮ ಮನೆಯವರು ತೆತ್ತ ಬೆಲೆ ಚಿಕ್ಕದಲ್ಲ.

ನನ್ನ ಕಾಕಾ, ಅಂದರೆ ತಂದೆಯ ತಮ್ಮ, ಬಾಡಿಗೆ ಕಾರು ಓಡಿಸಿ ಸಂಸಾರ ಸಾಗಿಸುವವರು. ಕಾರು ಹಳೆಯದು, ಸಾಲ ಇನ್ನೂ ಪೂರ್ತಿ ತೀರಿಲ್ಲ. ಅವರಿಗೊಂದು ಖಾಯಂ ಬಾಡಿಗೆಯಿತ್ತು. ಚಿತ್ತಾಪುರದ ನಿವೃತ್ತ ಮಾಸ್ತರರೊಬ್ಬರನ್ನು ವಾರಕ್ಕೆ ಎರಡು ಸಲ ಕಲಬುರಗಿಗೆ ಡಯಾಲಿಸಿಸ್‌ಗೆ ಕರೆತಂದು ಮರಳಿ ಮನೆ ಮುಟ್ಟಿಸುವುದು. ಮೂತ್ರಪಿಂಡ ಕೆಟ್ಟವರಿಗೆ ನೀರು ಕುಡಿಯುವುದರಲ್ಲಿಯೂ ಮಿತಿಯುಂಟು. ಬಾಯಾರಿತೆಂದು ನಮ್ಮಂತೆ ಗಟಗಟನೆ ತಂಬಿಗೆ ಎತ್ತುವ ಹಾಗಿಲ್ಲ. ಅಂಥವರಿಗೆ 42, 43 ಡಿಗ್ರಿ ಬಿಸಿಲಿನಲ್ಲಿ ಕಾರಿನೊಳಗಿನ ತಂಪು ವಿಲಾಸವಲ್ಲ, ಔಷಧದ ಒಂದು ಭಾಗ.

2024ರ ಏಪ್ರಿಲ್ ಮೊದಲ ವಾರ ಆ ತಂಪು ಕೈಕೊಟ್ಟಿತು. ಚಿತ್ತಾಪುರದಿಂದ ಹೊರಟಾಗ ಸರಿಯಾಗಿಯೇ ಇತ್ತಂತೆ. ಕಲಬುರಗಿಯ ಸೂಪರ್ ಮಾರ್ಕೆಟಿನ ಗದ್ದಲದಲ್ಲಿ ಗಾಡಿ ಆಮೆಯಂತೆ ತೆವಳತೊಡಗಿದಾಗ ಕಿಂಡಿಗಳಿಂದ ಬಿಸಿಗಾಳಿ ಬರತೊಡಗಿತು. ಕಾಕಾ ಆ ಸಂಜೆಯೇ ಒಂದು ಅಂಗಡಿಗೆ ಹೋದರು. ಅಲ್ಲಿಯ ಹುಡುಗ ಬಾನೆಟ್ ಎತ್ತುವ ಮೊದಲೇ, “ಗ್ಯಾಸ್ ಖಾಲಿ ಆಗ್ಯಾದ್ರೀ. ತುಂಬಿಸಿಬಿಟ್ರ ಬರ್ಫ್ ಆಗ್ತದ,” ಎಂದನು. ಒಳಗಿದ್ದ ಗ್ಯಾಸನ್ನು ‘ಸುಯ್’ ಎಂದು ಗಾಳಿಗೆ ಬಿಟ್ಟು ಹೊಸದನ್ನು ತುಂಬಿ 1,800 ರೂಪಾಯಿ ಎಣಿಸಿಕೊಂಡನು. ರಾತ್ರಿ ಎಂಟು ಗಂಟೆಗೆ ರಿಂಗ್ ರೋಡಿನ ಮೇಲೆ ಒಂದು ಸುತ್ತು ಹಾಕಿದೆವು. ತಂಪೋ ತಂಪು! “ನೋಡಿದಿರಾ ಕಾಕಾ, ಗ್ಯಾಸೇ ಆಗಿತ್ತು,” ಎಂದು ಪಕ್ಕದಲ್ಲಿ ಕುಳಿತ ನಾನು ಪಂಡಿತನಂತೆ ನುಡಿದೆ. ಈ ಮಾತನ್ನು ಮುಚ್ಚಿಡದೆ ಹೇಳುತ್ತಿದ್ದೇನೆ. ಏಕೆಂದರೆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಮರುವಾರ ಅದೇ ಸ್ಥಳ, ಅದೇ ಹೊತ್ತು, ಅದೇ ಬಿಸಿಗಾಳಿ. ಇನ್ನೊಂದು ಅಂಗಡಿ, ಅಲ್ಲಿಯೂ ಅದೇ ತೀರ್ಪು. “ಅವರು ಕಲಬೆರಕೆ ಗ್ಯಾಸ್ ಹಾಕ್ಯಾರ್ರೀ,” ಎಂಬ ವ್ಯಾಖ್ಯಾನ ಮಾತ್ರ ಹೊಸದು. ಮತ್ತೆ ‘ಸುಯ್’, ಮತ್ತೆ 1,800 ರೂಪಾಯಿ, ಮತ್ತೆ ಸಂಜೆಯ ತಂಪು. ಮೂರನೆಯ ಸಲ ಹಳೆಯದನ್ನು ಬಿಡುವ ಕಷ್ಟವನ್ನೂ ತೆಗೆದುಕೊಳ್ಳದೆ, ಇದ್ದುದರ ಮೇಲೆಯೇ ಇನ್ನಷ್ಟು ತುರುಕಿ 800 ರೂಪಾಯಿ ಪಡೆದರು. ಅಂದಿನಿಂದ ಸ್ಥಿತಿ ಇನ್ನೂ ಕೆಟ್ಟಿತು. ನಿಂತಾಗ ಬಿಸಿಗಾಳಿ ಬರುವುದರ ಜೊತೆಗೆ ಯಂತ್ರವೇ ‘ಟಕ್’ ಎಂದು ಆಗಾಗ ನಿಂತುಹೋಗತೊಡಗಿತು. ಒಂದು ದಿನ ಜಗತ್ ಸರ್ಕಲ್ಲಿನಲ್ಲಿ ಗಾಡಿ ನಿಂತಿದ್ದಾಗ ಹಿಂದಿನ ಸೀಟಿನಲ್ಲಿದ್ದ ಮಾಸ್ತರರು ಮಾತಿಲ್ಲದೆ ಒರಗಿಬಿಟ್ಟರು. ಪುಣ್ಯಕ್ಕೆ ಆಸ್ಪತ್ರೆ ಹತ್ತಿರವಿತ್ತು, ಅಪಾಯವಾಗಲಿಲ್ಲ. ಎರಡು ದಿನ ಬಿಟ್ಟು ಅವರ ಮಗ ಫೋನು ಮಾಡಿ ಬಹಳ ಮರ್ಯಾದೆಯಿಂದಲೇ ಹೇಳಿದರು: “ತಪ್ಪು ತಿಳ್ಕೋಬ್ಯಾಡ್ರಿ. ಅಪ್ಪಗ ಝಳ ತಡ್ಕೊಳ್ಳಲಿಕ್ಕ ಆಗವಲ್ದು. ಇನ್ನ ಮ್ಯಾಲೆ ಬ್ಯಾರೆ ಗಾಡಿ ಹೇಳೀವಿ.” ಕಾಕಾ ಫೋನನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಆಮೇಲೆ ಯಾರೋ ಹೇಳಿದರೆಂದು ಊರ ಹೊರಗಿನ ಒಬ್ಬ ವೃದ್ಧ ಉಸ್ತಾದರ ಬಳಿಗೆ ಹೋದೆವು. ಬೇವಿನ ಮರದ ನೆರಳು, ತಗಡಿನ ಛಾವಣಿ, ಒಂದು ಹಳೆಯ ಮೇಜು. ಇಷ್ಟೇ ಅವರ ಕಾರ್ಖಾನೆ. ಕಾಕಾ ರೂಢಿಯಂತೆ, “ಉಸ್ತಾದ್, ಗ್ಯಾಸ್ ಹಾಕ್ರಿ,” ಎಂದರು. ಅವರು ಏಳಲಿಲ್ಲ. ಕುಳಿತಲ್ಲಿಂದಲೇ ಕೇಳಿದರು: “ಬಿಸಿ ಯಾವಾಗ ಬರ್ತದ ಸಾಹೇಬ್ರ? ನಿಂತಾಗೋ, ಓಡುವಾಗೋ?”

ಆ ಪ್ರಶ್ನೆಯನ್ನು ಅದುವರೆಗೆ ಮೂರು ಅಂಗಡಿಯವರಲ್ಲಿ ಒಬ್ಬರೂ ಕೇಳಿರಲಿಲ್ಲ. ನಾವೂ ನಮ್ಮನ್ನು ಕೇಳಿಕೊಂಡಿರಲಿಲ್ಲ. ಕಾಕಾ ನೆನಪು ಮಾಡಿಕೊಂಡು, “ನಿಂತಾಗ. ಹೆದ್ದಾರಿ ಮ್ಯಾಲ ಛಲೋ ಇರ್ತದ. ರಾತ್ರಿನೂ ಛಲೋ ಇರ್ತದ,” ಎಂದರು. ಉಸ್ತಾದರು ತಲೆದೂಗಿ, “ನೋಡೋ ಚಾರ್ಜು ಮುನ್ನೂರು ಆಗ್ತದ. ಕೆಲಸದ ರೊಕ್ಕ ಬ್ಯಾರೆ,” ಎಂದರು. ಆಗ ನಮ್ಮ ಕಾಕಾ, ನಂಬುತ್ತೀರೋ ಇಲ್ಲವೋ, ಚೌಕಾಶಿಗೆ ಇಳಿದರು! ಗ್ಯಾಸಿಗೆ 4,400 ರೂಪಾಯಿಗಳನ್ನು ಮರುಮಾತಿಲ್ಲದೆ ಕೊಟ್ಟವರು, ‘ಬರೇ ನೋಡಲಿಕ್ಕೆ ಮುನ್ನೂರೇ?’ ಎಂದು ಹತ್ತು ನಿಮಿಷ ವಾದಿಸಿದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಇದಕ್ಕೆ ಮರಳುವೆನು.

ಕೊನೆಗೆ ಉಸ್ತಾದರು ಎದ್ದರು. ಎಂಜಿನ್ ಚಾಲೂ ಮಾಡಿಸಿ, ಎ.ಸಿ. ಹಾಕಿಸಿ, ಬಿಸಿಗಾಳಿ ಬರುವವರೆಗೆ ಕಾದರು. ಬಳಿಕ ಒಂದು ಬಕೆಟ್ ನೀರು ತಂದು ಕಾರಿನ ಮೂತಿಯ ಜಾಲರಿಯ ಮೂಲಕ, ಹಿಂದಿರುವ ಕಂಡೆನ್ಸರಿನ ಮೇಲೆ ಮಗ್ಗಿನಿಂದ ಮೆಲ್ಲಗೆ ಸುರಿದರು. ಒಳಗೆ ಕುಳಿತಿದ್ದ ನನ್ನ ಮುಖಕ್ಕೆ ಒಂದೆರಡು ನಿಮಿಷದಲ್ಲಿ ತಣ್ಣನೆಯ ಗಾಳಿ ಬಡಿಯಿತು. ನೀರು ನಿಲ್ಲಿಸಿದರು, ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ಬಿಸಿ. “ಗ್ಯಾಸ್ ಅದ. ಗಾಳಿ ಇಲ್ಲ,” ಎಂದು ನಾಲ್ಕೇ ಶಬ್ದಗಳಲ್ಲಿ ತೀರ್ಪಿತ್ತರು. ಆ ಕಾರಿಗೆ ಮುಂಭಾಗದಲ್ಲಿ ಎರಡು ಫ್ಯಾನುಗಳು; ಒಂದು ರೇಡಿಯೇಟರಿಗೆ, ಒಂದು ಕಂಡೆನ್ಸರಿಗೆ. ಮೊದಲನೆಯದು ತಿರುಗುತ್ತಿತ್ತು, ಎರಡನೆಯದು ಸುಮ್ಮನೆ ನಿಂತಿತ್ತು. ಉಸ್ತಾದರು ಫ್ಯಾನೇ ಸತ್ತಿದೆಯೆಂದು ಅವಸರಪಟ್ಟು ಹೇಳಲಿಲ್ಲ. ಅದಕ್ಕೆ ವಿದ್ಯುತ್ತನ್ನು ಬಿಡುವ ರಿಲೇ ಎಂಬ ಪುಟ್ಟ ಡಬ್ಬಿಯನ್ನು ಕಿತ್ತು, ಹಾರನ್ನಿಗಿದ್ದ ಅಂಥದೇ ಡಬ್ಬಿಯನ್ನು ಆ ಸ್ಥಾನದಲ್ಲಿ ಕೂಡಿಸಿದರು. ಫ್ಯಾನು ತಿರುಗಿತು. ಕಿತ್ತದ್ದನ್ನು ಹಾರನ್ನಿಗೆ ಹಾಕಿದರು, ಹಾರನ್ನು ಮೂಕವಾಯಿತು. ಕೆಟ್ಟದ್ದು 250 ರೂಪಾಯಿಯ ಆ ಡಬ್ಬಿ.

ಇದನ್ನು ಕಂಡಾಗ ನನಗೆ ನಮ್ಮ ತತ್ತ್ವಶಾಸ್ತ್ರದ ತರಗತಿ ನೆನಪಾಯಿತು. ನ್ಯಾಯಶಾಸ್ತ್ರಜ್ಞರು ಹೇಳುವ ‘ಅನ್ವಯ–ವ್ಯತಿರೇಕ’ಗಳನ್ನು ನಾವೆಲ್ಲ ಉರುಹಚ್ಚಿದ್ದೆವು. ಒಂದು ಇದ್ದಲ್ಲಿ ಇನ್ನೊಂದು ಇರುವುದು ಅನ್ವಯ. ಅದು ಇಲ್ಲದಲ್ಲಿ ಇದೂ ಇಲ್ಲದಿರುವುದು ವ್ಯತಿರೇಕ. ಪಾಶ್ಚಾತ್ಯರಲ್ಲಿ ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತನ್ನ ತರ್ಕಗ್ರಂಥದಲ್ಲಿ ಹೆಚ್ಚುಕಡಮೆ ಇದೇ ದಾರಿಯನ್ನು ವಿವರಿಸಿದನು. ಪರ್ವತ, ಹೊಗೆ, ಬೆಂಕಿ ಎಂಬ ಹಳೆಯ ಉದಾಹರಣೆಯನ್ನು ಉತ್ತರಪತ್ರಿಕೆಯಲ್ಲಿ ಬರೆದು ಅಂಕ ಪಡೆದಿದ್ದ ನಾನು, ನನ್ನ ಎದುರಿಗೇ ಇದ್ದ ಉದಾಹರಣೆಯನ್ನು ಕಾಣದೆ ಹೋದೆ. ಗಾಡಿ ಓಡಿದಾಗ ತಂಪು, ನಿಂತಾಗ ಬಿಸಿ. ಎರಡಕ್ಕೂ ಇರುವ ಭೇದವೇನು? ಗ್ಯಾಸು ಎರಡು ಸಂದರ್ಭದಲ್ಲಿಯೂ ಅಷ್ಟೇ. ಭೇದವಿರುವುದು ಮುಖ್ಯವಾಗಿ ಗಾಳಿಯಲ್ಲಿ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಅದನ್ನು ಫ್ಯಾನು ಎಳೆಯಬೇಕು. ಗ್ಯಾಸು ತುಂಬಿಸಿದ ಮೇಲೆ ತಂಪಾಯಿತೆಂದು ನಾನು ಸಾರಿದ್ದು, ಕಾಗೆ ಕುಳಿತ ಮೇಲೆ ಕೊಂಬೆ ಮುರಿಯಿತೆಂಬ ತರ್ಕ. ತಂಪಾದದ್ದು ರಾತ್ರಿಯಾದುದರಿಂದ, ಮತ್ತು ಖಾಲಿ ರಸ್ತೆಯಲ್ಲಿ ವೇಗವಾಗಿ ಓಡಿದುದರಿಂದ.

ಈ ಯಂತ್ರದ ಮರ್ಮವನ್ನು ಸ್ವಲ್ಪ ತಿಳಿದರೆ ಉಳಿದ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ತಂಪು ಎಂಬ ಪದಾರ್ಥವನ್ನು ಯಾವ ಯಂತ್ರವೂ ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಎತ್ತಿ ಹೊರಗೆ ಚೆಲ್ಲುತ್ತದೆ, ಅಷ್ಟೆ. ಮಣ್ಣಿನ ಗಡಿಗೆಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುವುದಿಲ್ಲವೆ? ಇಲ್ಲಿಯೂ ಹಾಗೆಯೇ. ನಮ್ಮಲ್ಲಿ ಓಡಾಡುವ ಬಹುಪಾಲು ಕಾರುಗಳಲ್ಲಿರುವ ಆರ್–134ಎ ಎಂಬ ದ್ರವ್ಯವು ಸಾಧಾರಣ ವಾಯುಭಾರದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವಂಥದು. ಡ್ಯಾಷ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲ್‌ನಲ್ಲಿ ಅದು ಕುದಿದು ಆವಿಯಾಗುವಾಗ ಕಾರಿನೊಳಗಿನ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ ಬಿಸಿಮಾಡಿ ಮುಂದಿನ ಕಂಡೆನ್ಸರಿಗೆ ಕಳುಹಿಸುತ್ತದೆ. ಅಲ್ಲಿ ಹೊರಗಾಳಿಗೆ ಶಾಖವನ್ನು ಒಪ್ಪಿಸಿ ಅದು ಮತ್ತೆ ದ್ರವವಾಗುತ್ತದೆ. ತೇವ ಹೀರುವ ಡಬ್ಬಿಯನ್ನೂ, ಒತ್ತಡವನ್ನು ಇಳಿಸುವ ಎಕ್ಸ್‌ಪ್ಯಾನ್ಷನ್ ವಾಲ್ವನ್ನೂ ದಾಟಿ ಪುನಃ ಕೂಲಿಂಗ್ ಕಾಯಿಲ್‌ಗೆ ಬರುತ್ತದೆ. ಹೀಗೆ ಅದೇ ಗ್ಯಾಸು ಸುತ್ತುತ್ತಲೇ ಇರುತ್ತದೆ. ಪೆಟ್ರೋಲಿನಂತೆ ಉರಿದು ತೀರುವುದಿಲ್ಲ. ರಬ್ಬರ್ ಕೊಳವೆಗಳಿಂದ ವರ್ಷಗಟ್ಟಲೆಯಲ್ಲಿ ಅಷ್ಟಿಷ್ಟು ಜಿನುಗಬಹುದು. ಆದರೆ ವಾರಕ್ಕೊಮ್ಮೆ ‘ಖಾಲಿ’ಯಾಗುವುದಾದರೆ ಎಲ್ಲಿಯೋ ತೂತಿದೆಯೆಂದೇ ಅರ್ಥ. ತೂತು ಬಿದ್ದ ಕೊಡಕ್ಕೆ ನೀರು ತುಂಬುವವನನ್ನು ನಾವು ಜಾಣನೆನ್ನುವುದಿಲ್ಲ.

ದೋಷಗಳೆಲ್ಲ ಬೇಸಿಗೆಯಲ್ಲಿಯೇ ಏಕೆ ತಲೆಯೆತ್ತುತ್ತವೆ? ಶಾಖವು ಹೆಚ್ಚು ಬಿಸಿಯಾದ ವಸ್ತುವಿನಿಂದ ಕಡಿಮೆ ಬಿಸಿಯಾದುದರ ಕಡೆಗೆ ಹರಿಯುತ್ತದೆ. ಹೊರಗೆ 25 ಡಿಗ್ರಿ ಇದ್ದಾಗ ಕಂಡೆನ್ಸರು ಸುಲಭವಾಗಿ ಶಾಖವನ್ನು ಚೆಲ್ಲುತ್ತದೆ. ಹೊರಗೇ 43 ಡಿಗ್ರಿ ಇದ್ದರೆ, ಅದರೊಳಗಿನ ಗ್ಯಾಸು 60 ಡಿಗ್ರಿಯ ಆಸುಪಾಸಿಗೆ ಏರಿದ ಹೊರತು ಶಾಖ ಹೊರಗೆ ಹೋಗದು. ಅದಕ್ಕೆ ತಕ್ಕಂತೆ ಒತ್ತಡವೂ ಏರುತ್ತದೆ. ಮಿತಿ ಮೀರಿದರೆ ರಕ್ಷಣೆಗಾಗಿ ಇಟ್ಟ ಸ್ವಿಚ್ಚು ಕಂಪ್ರೆಸರನ್ನು ನಿಲ್ಲಿಸುತ್ತದೆ. ನಮ್ಮ ಗಾಡಿಯಲ್ಲಿ ‘ಟಕ್’ ಎಂದು ನಿಲ್ಲುತ್ತಿದ್ದುದು ಇದೇ. ಆದ್ದರಿಂದ ಬೇಸಿಗೆಯು ಕಟ್ಟುನಿಟ್ಟಾದ ಪರೀಕ್ಷಕನಿದ್ದಂತೆ. ಡಿಸೆಂಬರಿನಲ್ಲಿ ಹೇಗೋ ಪಾಸಾದ ಧೂಳು ಮುಚ್ಚಿದ ಕಂಡೆನ್ಸರು, ಬಳಲಿದ ಫ್ಯಾನು, ಸವೆದ ಕಂಪ್ರೆಸರು ಇವೆಲ್ಲ ಏಪ್ರಿಲಿನಲ್ಲಿ ನಪಾಸಾಗುತ್ತವೆ.

ಇನ್ನು ಬೇರೆ ಲಕ್ಷಣಗಳನ್ನೂ ಇದೇ ಕ್ರಮದಿಂದ ನೋಡಬಹುದು. ಗಾಳಿ ತಣ್ಣಗಿದ್ದರೂ ಜೋರಾಗಿ ಬಾರದಿದ್ದರೆ ದೋಷ ಗ್ಯಾಸಿನದಲ್ಲ. ಧೂಳು ತುಂಬಿದ ಎ.ಸಿ. ಫಿಲ್ಟರನ್ನೋ ಬ್ಲೋವರನ್ನೋ ನೋಡಬೇಕು. ನಮ್ಮ ಸೀಮೆಯ ಧೂಳಿಗೆ ಆ ಫಿಲ್ಟರು ಬೇಗನೆ ಕಟ್ಟಿಕೊಳ್ಳುತ್ತದೆ; ಅದನ್ನು ತೆಗೆದು ನೋಡಲು ಹಲವು ಕಾರುಗಳಲ್ಲಿ ಉಪಕರಣವೂ ಬೇಡ. ಮೊದಲು ತಂಪಾಗಿ ಬಂದು, ಅರ್ಧ ಗಂಟೆಯ ಮೇಲೆ ಗಾಳಿಯೇ ಕ್ಷೀಣಿಸಿ, ಎ.ಸಿ.ಯನ್ನು ಹತ್ತು ನಿಮಿಷ ಆರಿಸಿದರೆ ಮತ್ತೆ ಸರಿಹೋದರೆ ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟುತ್ತಿದೆಯೆಂದು ಊಹಿಸಬೇಕು. ಗುಂಡಿ ಒತ್ತಿದರೂ ಕಂಪ್ರೆಸರಿನ ಕ್ಲಚ್ಚು ಕಚ್ಚದಿದ್ದರೆ ಫ್ಯೂಸು, ರಿಲೇ, ಒತ್ತಡದ ಸ್ವಿಚ್ಚು, ಕ್ಲಚ್ಚಿನ ಸುರುಳಿ ಇವುಗಳ ವಿಚಾರಣೆಯಾಗಬೇಕು. ಗ್ಯಾಸು ತೀರ ಕಡಿಮೆಯಾದರೂ ಅದೇ ಸ್ವಿಚ್ಚು ತಡೆಯುತ್ತದೆಂಬುದನ್ನು ಮರೆಯಬಾರದು. ಎಂಜಿನ್ನೇ ಕಾದುಹೋಗುತ್ತಿದ್ದರೆ ಎಷ್ಟೋ ಗಾಡಿಗಳು ತಾವಾಗಿಯೇ ಎ.ಸಿ.ಯನ್ನು ನಿಲ್ಲಿಸುತ್ತವೆ, ಅಲ್ಲಿ ರೋಗ ರೇಡಿಯೇಟರಿನದು. ಹೀಟರಿನ ಬಾಗಿಲು ಪೂರ್ತಿ ಮುಚ್ಚದಿದ್ದರೆ, ಒಂದು ಕಡೆ ತಣಿದ ಗಾಳಿ ಇನ್ನೊಂದು ಕಡೆ ಮತ್ತೆ ಬಿಸಿಯಾಗಿ ಹೊರಬರುತ್ತದೆ.

ಕೆಲವೊಮ್ಮೆ ರೋಗವೇ ಇರುವುದಿಲ್ಲ. ಹೊರಗೆ 40 ಡಿಗ್ರಿ ಇರುವಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿ ದಾಟುವುದು ಸಾಮಾನ್ಯ. ಕುಳಿತ ಕೂಡಲೇ ತಂಪಾಗಲಿಲ್ಲವೆಂದು ಯಂತ್ರವನ್ನು ಬಯ್ಯುವ ಬದಲು, ಒಂದೆರಡು ನಿಮಿಷ ಗಾಜು ಇಳಿಸಿ ಓಡಿಸಿ, ಕಾದ ಗಾಳಿಯನ್ನು ಹೊರಗೆ ಕಳಿಸಿ, ಆಮೇಲೆ ಗಾಜು ಏರಿಸಿ ಒಳಗಿನ ಗಾಳಿಯೇ ಸುತ್ತುವಂತೆ ಗುಂಡಿ ಒತ್ತಬೇಕು. ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದನ್ನೇ ಆರೋಗ್ಯದ ಗುರುತೆಂದು ನಂಬುವವರೂ ಇದ್ದಾರೆ. ಆ ನೀರು ಗಾಳಿಯ ತೇವದಿಂದ ಬಂದದ್ದು. ಮಂಗಳೂರಿನಲ್ಲಿ ಧಾರಾಳವಾಗಿ ಸುರಿಯುತ್ತದೆ. ಕಲಬುರಗಿಯ ಒಣ ಬಿಸಿಲಿನಲ್ಲಿ ಸರಿಯಾದ ಗಾಡಿಯೂ ಹೆಚ್ಚು ತೊಟ್ಟಿಕ್ಕದು. ಊರು ಬದಲಾದರೆ ಲಕ್ಷಣದ ಅರ್ಥವೂ ಬದಲಾಗುತ್ತದೆ.

ಮೀಟರು ಹಚ್ಚಿ ನೋಡಿದೆವು, ಗ್ಯಾಸು ಸರಿಯಾಗಿದೆ, ಎನ್ನುವವರ ಮಾತನ್ನೂ ವಿಚಾರಿಸಿಯೇ ಒಪ್ಪಬೇಕು. ಎಂಜಿನ್ ಆರಿಸಿ, ಎಲ್ಲವೂ ಒಂದೇ ಉಷ್ಣತೆಗೆ ಬಂದಮೇಲೆ ಎರಡು ಮೀಟರುಗಳೂ ಒಂದೇ ಒತ್ತಡವನ್ನು ತೋರಿಸುತ್ತವೆ. 40 ಡಿಗ್ರಿಯಲ್ಲಿ ಆರ್–134ಎಗೆ ಅದು ಚದರ ಅಂಗುಲಕ್ಕೆ ಸುಮಾರು 130 ಪೌಂಡು. ಒಳಗೆ ದ್ರವ ಸ್ವಲ್ಪ ಉಳಿದಿದ್ದರೂ ಅಷ್ಟೇ, ಪೂರ್ತಿ ತುಂಬಿದ್ದರೂ ಅಷ್ಟೇ. ನಮ್ಮ ಅಡಿಗೆಮನೆಯ ಸಿಲಿಂಡರಿನಂತೆ ಇದು. ಒಲೆ ಉರಿಯುತ್ತಿದೆಯೆಂದ ಮಾತ್ರಕ್ಕೆ ಸಿಲಿಂಡರು ತುಂಬಿದೆಯೆಂದು ಹೇಳಲಾದೀತೆ? ಅವ್ವ ಅದನ್ನು ಅಲುಗಿಸಿ, ಎತ್ತಿ, ತೂಕ ನೋಡುತ್ತಾಳೆ. ಕಾರಿನಲ್ಲಿಯೂ ಪ್ರಮಾಣವನ್ನು ಹೇಳುವುದು ತೂಕವೊಂದೇ. ಎಷ್ಟು ಗ್ರಾಮ್ ಎಂಬುದನ್ನು ಸಾಮಾನ್ಯವಾಗಿ ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿಯೇ ಮುದ್ರಿಸಿರುತ್ತಾರೆ. ಎಂಜಿನ್ ಓಡುತ್ತಿರುವಾಗ ಮಾತ್ರ ಮೀಟರುಗಳು ರೋಗದ ಕಥೆ ಹೇಳುತ್ತವೆ. ಎರಡೂ ಕಡೆ ಒತ್ತಡ ಕಡಿಮೆಯಿದ್ದರೆ ಗ್ಯಾಸು ಕಡಿಮೆಯೆಂಬ ಸಂಶಯ; ಎರಡೂ ಕಡೆ ಹೆಚ್ಚಿದ್ದರೆ ಕಂಡೆನ್ಸರಿಗೆ ಗಾಳಿ ಸಾಲದು, ಇಲ್ಲವೇ ಗ್ಯಾಸು ಅತಿಯಾಗಿದೆ; ಇಳಿಯಬೇಕಾದದ್ದು ಇಳಿಯದೆ ಏರಬೇಕಾದದ್ದು ಏರದಿದ್ದರೆ ಕಂಪ್ರೆಸರು ಸೋತಿದೆ. ಉಸ್ತಾದರು ನಮ್ಮ ಗಾಡಿಯ ಗ್ಯಾಸನ್ನು ಗಾಳಿಗೆ ಬಿಡದೆ ಹಿಂದಕ್ಕೆಳೆಯುವ ಯಂತ್ರಕ್ಕೆ ಜೋಡಿಸಿ ತೂಗಿದರು. ಚೀಟಿಯಲ್ಲಿದ್ದುದು 450 ಗ್ರಾಮ್, ಒಳಗಿದ್ದುದು 610. ಖಾಲಿಯಾಗಿದೆಯೆಂದು ಮೂರು ಸಲ ತುಂಬಿಸಿದ್ದ ಗಾಡಿಯ ಹೊಟ್ಟೆಯಲ್ಲಿ ಅಜೀರ್ಣವಾಗಿತ್ತು!

ಹೋದದ್ದು ಕಾಕಾ ಅವರ ದುಡ್ಡಷ್ಟೇ ಆಗಿದ್ದರೆ ನಾನು ಮನೆಮಾತಾಗಿ ಇದನ್ನು ಮುಗಿಸುತ್ತಿದ್ದೆ. ಆದರೆ ಎರಡು ಸಲ ‘ಸುಯ್’ ಎಂದು ಹಾರಿಹೋದ ಆ ಗ್ಯಾಸು ಎಲ್ಲಿಗೆ ಹೋಯಿತು? ಹಿಂದಿನ ಕಾರುಗಳ ಆರ್–12 ಗ್ಯಾಸು ಭೂಮಿಯ ಓಜೋನ್ ಪದರವನ್ನು ಸವೆಸುತ್ತಿದ್ದುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಜಗತ್ತು ಅಂಥವನ್ನು ಕೈಬಿಡತೊಡಗಿತು. ಅದರ ಸ್ಥಾನಕ್ಕೆ ಬಂದ ಆರ್–134ಎ ಓಜೋನಿಗೆ ನಿರಪಾಯಕಾರಿ. ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ, ನೂರು ವರ್ಷಗಳ ಲೆಕ್ಕಕ್ಕೆ, ತೂಕಕ್ಕೆ ತೂಕ ಇಂಗಾಲಾಮ್ಲಕ್ಕಿಂತ 1,300 ಪಟ್ಟಿಗೂ ಹೆಚ್ಚು ಸಮರ್ಥ. ನಾವು ಹಾರಿಸಿದ್ದು ಎರಡು ಸಲಕ್ಕೆ ಸುಮಾರು 900 ಗ್ರಾಮ್. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋಗ್ರಾಮ್ ಇಂಗಾಲಾಮ್ಲ ಹೊರಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಆ ಎರಡು ನಿಟ್ಟುಸಿರುಗಳು ಐನೂರು ಲೀಟರು ಪೆಟ್ರೋಲು ಸುಟ್ಟದ್ದಕ್ಕೆ ಸಮ. ಲೀಟರಿಗೆ 15 ಕಿಲೋಮೀಟರಿನಂತೆ 7,500 ಕಿಲೋಮೀಟರು ಓಡಿದಷ್ಟು. ಒಂದು ಡಬ್ಬಿ ಕೆಟ್ಟದ್ದನ್ನು ಗುರುತಿಸದೆ ಇಷ್ಟು ಶಾಖವನ್ನು ಆಕಾಶದ ಲೆಕ್ಕಕ್ಕೆ ಬರೆದೆವು. ಸೆಕೆ ತಾಳಲಾರದೆ ಮಾಡಿದ ಚಿಕಿತ್ಸೆಯೇ ಮುಂದಿನ ಬೇಸಿಗೆಗಳ ಸೆಕೆಯನ್ನು ಹೆಚ್ಚಿಸುವುದಾದರೆ, ಅದನ್ನು ಚಿಕಿತ್ಸೆಯೆನ್ನಬಹುದೆ? ಇಂಥ ಗ್ಯಾಸುಗಳನ್ನು ಕಡಿಮೆ ಮಾಡಲು 2016ರಲ್ಲಿ ರುವಾಂಡದ ಕಿಗಾಲಿಯಲ್ಲಿ ಒಡಂಬಡಿಕೆಯಾಯಿತು. ಭಾರತ 2021ರಲ್ಲಿ ಅದನ್ನು ಅಂಗೀಕರಿಸಿತು. 2032ರಿಂದ ಹಂತಹಂತವಾಗಿ ಇಳಿಸುತ್ತ 2047ರ ವೇಳೆಗೆ ಶೇಕಡ 85ರಷ್ಟು ತಗ್ಗಿಸಬೇಕೆಂಬುದು ನಮ್ಮ ದೇಶದ ವಾಗ್ದಾನ. ಅಂಥ ವಾಗ್ದಾನದ ಒಂದು ಪಾಲು ದೊಡ್ಡ ಸಭೆಗಳಲ್ಲಿ ನೆರವೇರಬಹುದು; ಇನ್ನೊಂದು ಪಾಲು ಬೇವಿನ ಮರದ ಕೆಳಗೆ ನೆರವೇರಬೇಕಾಗಿದೆ.

ಹಾಗಾದರೆ ಮೆಕ್ಯಾನಿಕ್ಕುಗಳೆಲ್ಲ ಮೋಸಗಾರರೆ? ಹಾಗೆ ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಈಗ ಕಾಕಾ ಅವರ ಚೌಕಾಶಿಯ ಸಂಗತಿಗೆ ಮರಳುತ್ತೇನೆ. ಪದಾರ್ಥಕ್ಕೆ ದುಡ್ಡು ಕೊಡಲು ನಾವು ಸಿದ್ಧ. ವಿಚಾರಕ್ಕೆ ಕೊಡಲು ಸಿದ್ಧರಿಲ್ಲ. ಜ್ವರ ಬಂದು ಡಾಕ್ಟರರ ಹತ್ತಿರ ಹೋದವನು ಸೂಜಿ ಚುಚ್ಚಿಸಿಕೊಳ್ಳದೆ ಬಂದರೆ ಅವನಿಗೆ ಸಮಾಧಾನವಿಲ್ಲ. ‘ಬರೇ ನೋಡಿ ಕಳಿಸಿದರು’ ಎಂದು ದೂರುತ್ತಾನೆ. ಅರ್ಧ ತಾಸು ಬಿಸಿಲಲ್ಲಿ ನಿಂತು ಯೋಚಿಸಿದ ಮೆಕ್ಯಾನಿಕ್ಕಿಗೆ ನಾವು ಚಹದ ದುಡ್ಡನ್ನೂ ಕೊಡುವುದಿಲ್ಲ; ಹತ್ತು ನಿಮಿಷದಲ್ಲಿ ಗ್ಯಾಸು ತುಂಬಿದವನಿಗೆ ಸಾವಿರಗಟ್ಟಲೆ ಕೊಡುತ್ತೇವೆ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ನಾವು ಕೊಳ್ಳುವುದನ್ನೇ ಅವನು ಮಾರುತ್ತಾನೆ. ನಿದಾನಕ್ಕೆ ಬೆಲೆಯಿಲ್ಲದ ಪೇಟೆಯಲ್ಲಿ ನಿದಾನ ಹೇಗೆ ಉಳಿದೀತು? ಆದುದರಿಂದ ತಪ್ಪನ್ನು ಹಂಚುವಾಗ ದೊಡ್ಡ ಪಾಲನ್ನು ಗಿರಾಕಿಗಳಾದ ನಾವೇ ತೆಗೆದುಕೊಳ್ಳಬೇಕೆಂದು ನನ್ನ ಅಭಿಪ್ರಾಯ.

‘ಬಡವರಿಗೆ ಎ.ಸಿ.ಯ ಚಿಂತೆ ಏಕೆ?’ ಎಂದು ಕೆಲವು ಗೆಳೆಯರು ಆಕ್ಷೇಪಿಸಬಹುದು. ಅಮೆರಿಕದ ಪ್ಯಾಕರ್ಡ್ ಸಂಸ್ಥೆಯು 1940ರ ಮಾದರಿಯ ಕಾರುಗಳಿಗೆ ಇದನ್ನು ಜೋಡಿಸಿ ಮಾರಿದಾಗ ಇದು ಸಿರಿವಂತರ ವಿಲಾಸವಾಗಿದ್ದುದು ನಿಜ. ಇಂದು ಹಾಗಿಲ್ಲ. 2025ರಿಂದ ತಯಾರಾಗುವ ಮಧ್ಯಮ ಹಾಗೂ ಭಾರೀ ಸರಕು ಲಾರಿಗಳ ಚಾಲಕರ ಕೋಣೆಗೆ ತಂಪುಯಂತ್ರವಿರಲೇಬೇಕೆಂದು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಡಿಸಿತು. ಎಂಜಿನ್ನಿನ ಕಾವನ್ನೂ ರಸ್ತೆಯ ಕಾವನ್ನೂ ಹಗಲಿಡೀ ಉಣ್ಣುವ ಚಾಲಕನಿಗೆ ಇದು ತಡವಾಗಿ ಬಂದ ನ್ಯಾಯ. ಆದರೆ ಎರಡು ಮೂರು ಬೇಸಿಗೆ ಕಳೆದಮೇಲೆ ಆ ಯಂತ್ರಗಳೂ ಕೆಡತೊಡಗುತ್ತವೆ. ಆಗ ಹೆದ್ದಾರಿಯ ಪಕ್ಕದ ಅಂಗಡಿಗಳಲ್ಲಿ ಪ್ರಶ್ನೆ ಕೇಳುವವರು ಇರುತ್ತಾರೋ, ಬರೇ ಗ್ಯಾಸು ತುಂಬುವವರು ಇರುತ್ತಾರೋ? ಕಾನೂನು ಕೊಟ್ಟ ತಂಪು ಲಾರಿಯಲ್ಲಿ ಉಳಿಯುವುದೋ ಅಳಿಯುವುದೋ ಎಂಬುದು ಆ ಉತ್ತರದ ಮೇಲೆ ನಿಂತಿದೆ.

ನನ್ನ ಬಿನ್ನಹ ಇಷ್ಟು. ಗಾಡಿಯುಳ್ಳವರು ಅಂಗಡಿಗೆ ಹೋಗುವ ಮುನ್ನ ಮೂರು ಸಾಲು ಬರೆದುಕೊಳ್ಳಲಿ: ಬಿಸಿಗಾಳಿ ಬರುವುದು ನಿಂತಾಗಲೋ ಓಡುವಾಗಲೋ, ಗಾಳಿಯ ರಭಸ ಇದೆಯೋ ಇಲ್ಲವೋ, ಮೊದಲಿನಿಂದಲೇ ಹಾಗೋ ಸ್ವಲ್ಪ ಹೊತ್ತಿನ ಮೇಲೋ. ಅಂಗಡಿಯವನು ‘ನೋಡುವ ಚಾರ್ಜು’ ಕೇಳಿದರೆ ಸಂತೋಷದಿಂದ ಕೊಡಲಿ. ಗ್ಯಾಸು ಕಡಿಮೆಯಾಗಿದೆಯೆಂದರೆ ಸೋರಿದ್ದೆಲ್ಲಿ ಎಂದು ಕೇಳಲಿ. ತೂತು ಮುಚ್ಚಿ, ಒಳಗಿನ ಗಾಳಿ ತೇವಗಳನ್ನು ಪಂಪಿನಿಂದ ಎಳೆಸಿ, ತೂಗಿ ತುಂಬಿಸಲಿ. ನಮ್ಮ ಐ.ಟಿ.ಐ.ಗಳಲ್ಲಿ ಕಲಿಯುವ ತಮ್ಮಂದಿರಿಗೆ ಸ್ಪ್ಯಾನರು ಹಿಡಿಯುವುದರೊಡನೆ ಪ್ರಶ್ನೆ ಕೇಳುವುದನ್ನೂ ಕಲಿಸಲಿ. ಕಲಾ ವಿದ್ಯಾರ್ಥಿಗಳಾದ ನಾವು, ತರ್ಕವು ಪುಸ್ತಕದಲ್ಲಿಯೇ ಕೊಳೆಯುವ ವಸ್ತುವಲ್ಲವೆಂದು ಅರಿಯೋಣ. ಅನ್ವಯ–ವ್ಯತಿರೇಕಗಳ ಹೆಸರನ್ನೂ ಕೇಳಿರದ ಉಸ್ತಾದರು ಒಂದು ಬಕೆಟ್ ನೀರಿನಿಂದ ಅವನ್ನು ಸಾಧಿಸಿ ತೋರಿಸಿದರು. ಅವುಗಳಿಗೆ ಅಂಕ ಪಡೆದಿದ್ದ ನಾನು ಮುಂದಿನ ಸೀಟಿನಲ್ಲಿ ಕುಳಿತು ‘ಗ್ಯಾಸೇ ಆಗಿತ್ತು’ ಎಂದಿದ್ದೆ.

ಕಾಕಾ ಅವರ ಕಾರು ಈಗ ಸರಿಯಾಗಿದೆ. ಡ್ಯಾಷ್‌ಬೋರ್ಡಿನ ಖಾನೆಯಲ್ಲಿ ಒಂದು ಪುಟ್ಟ ನೋಟ್‌ಬುಕ್ಕು ಬಂದಿದೆ. ಗಾಡಿಗೆ ಏನಾದರೂ ಆದರೆ ಯಾವಾಗ, ಎಲ್ಲಿ, ಹೇಗೆ ಎಂದು ಅದರಲ್ಲಿ ಬರೆಯುತ್ತಾರೆ. ಉಸ್ತಾದರಿಗೆ ಕೊಟ್ಟ ಮುನ್ನೂರರ ಮಾತು ಬಂದಾಗ, “ಅದೊಂದೇ ನೋಡು ತಮ್ಮಾ, ಹೊಳ್ಳಿ ಬಂದ ರೊಕ್ಕ,” ಎನ್ನುತ್ತಾರೆ. ಚಿತ್ತಾಪುರದ ಬಾಡಿಗೆ ಮಾತ್ರ ಹೊಳ್ಳಿ ಬರಲಿಲ್ಲ. ಆ ಮನೆಯವರು ಬೇರೆ ಗಾಡಿಗೆ ಒಗ್ಗಿಹೋಗಿದ್ದರು, ಅವರನ್ನು ದೂರುವಂತಿಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ಕಾಕಾ ಮಾಸ್ತರರ ಮನೆಯ ಮುಂದೆ ಗಾಡಿ ನಿಲ್ಲಿಸಿ, ಆರೋಗ್ಯ ವಿಚಾರಿಸಿಕೊಂಡು ಬರುತ್ತಾರೆ.